ಇನ್ನೂರು ಮೀಟರಿನ ನೌಕರಿ

ಐದು ವರ್ಷ, ತಿಂಗಳಿಗೊಮ್ಮೆ, ಮೊಣಕಾಲೂರಿ ಕೂತು ನಾನೇ ಅಳೆದ ಬಿರುಕುಗಳು. ಕಡೆಯ ಅಳತೆಯ ದಿನ ಹೋಗಿ ನೋಡಿದರೆ ಒಂದೂ ಇಲ್ಲ. ಏನಾಗಿರಬೇಕು, ಹೇಳ್ರಿ ನೋಡೋಣ? ಬಿರುಕು ಅಂದರೆ ಕಳ್ಳರು ಒಯ್ಯುವ ವಸ್ತುವಲ್ಲ. ಗಾಯದಂತೆ ತಾನೇ ಮಾಯಲು ರಸ್ತೆಗೆ ಚರ್ಮವೂ ಇಲ್ಲ. ಯೋಚಿಸುತ್ತಿರಿ, ಅಷ್ಟರಲ್ಲಿ ನಾನು ಉಳಿದದ್ದನ್ನು ಹೇಳಿ ಮುಗಿಸುತ್ತೇನೆ. ನಿವೃತ್ತನಾದವನ ಕೈಗೆ ಕೇಳುವವರು ಸಿಕ್ಕರೆ ಬಿಡುವುದುಂಟೆ?

ನನ್ನದು ರಸ್ತೆ ಸಂಶೋಧನೆಯ ನೌಕರಿ. ರಸ್ತೆ ಊರಿನವರೆಲ್ಲರದು. ಅದರ ಮೇಲೆ ಕೂತು ಸಂಶೋಧನೆ ಮಾಡುವವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಮೂಡಲಗಿಯಿಂದ ಗೋಕಾಕಕ್ಕೆ ಬರುವ ದಾರಿಯಲ್ಲಿ ಇನ್ನೂರು ಮೀಟರು ನನ್ನ ಪಾಲಿಗೆ ಬಂದಿತ್ತು. ಡಾಂಬರಿನ ಕೆಳಗಿನ ಪದರಿಗೆ ಕಬ್ಬಿನ ಸಿಪ್ಪೆ ಸುಟ್ಟ ಬೂದಿ ಬೆರೆಸಿದ್ದೆವು. ಅದು ಕಬ್ಬಿನ ಟ್ರ್ಯಾಕ್ಟರಿನ ಭಾರಕ್ಕೆ ಎಷ್ಟು ಕುಸಿಯುತ್ತದೆ, ಎಷ್ಟು ಬಿರಿಯುತ್ತದೆ ಎಂದು ಐದು ವರ್ಷ ನೋಡಬೇಕು. ನಡುವೆ ಯಾರೂ ದುರಸ್ತಿ ಮಾಡಕೂಡದು. ಕಡೆಯ ಅಳತೆ ತಪ್ಪಿದರೆ ಐದು ವರ್ಷದ ಪುಸ್ತಕವೆಲ್ಲ ರದ್ದಿ.

ಪ್ರಯೋಗಶಾಲೆ ಹುಕ್ಕೇರಿಯಲ್ಲಿ, ಬಾಡಿಗೆ ಖೋಲಿ ಗೋಕಾಕದಲ್ಲಿ, ರಸ್ತೆ ಮೂಡಲಗಿ ಕಡೆ. ಮೂರು ತಾಲೂಕು ಕೂಡಿಸಿದರೂ ನನ್ನೊಡನೆ ಮಾತಾಡುವವರು ಒಬ್ಬರೂ ಇರಲಿಲ್ಲ. ಮಾತಿಲ್ಲದೆ ಬದುಕಲಾಗದ ಜೀವ ನನ್ನದು.

ಸರ್ಜಾ, ರಾಜಾ

ವಾಹನ ಎಣಿಸುವುದು ನನ್ನ ಕೆಲಸಗಳಲ್ಲಿ ಒಂದು. ಬೇವಿನ ಮರದ ಕೆಳಗೆ ಸ್ಟೂಲು ಹಾಕಿಕೊಂಡು, ಲಾರಿ ಬಂದರೆ ಒಂದು ಗೆರೆ, ಟ್ರ್ಯಾಕ್ಟರಿಗೊಂದು ಗೆರೆ. ಗೆರೆಗಳೊಡನೆ ಹರಟೆ ಹೊಡೆಯಲು ಬರುವುದಿಲ್ಲ. ಮೂರನೆಯ ದಿನ, ಬೆಳಿಗ್ಗೆ ಕಬ್ಬು ಹೇರಿಕೊಂಡು ಹೋಗಿದ್ದ ಎತ್ತಿನ ಗಾಡಿಯವನು ಸಂಜೆ ಬರಿಗಾಡಿ ಹೊಡೆದುಕೊಂಡು ಬಂದು ನನ್ನೆದುರು ನಿಲ್ಲಿಸಿದ.

"ಸಾಹೇಬ್ರ, ಮುಂಜಾನಿ ನನ್ನ ಬರಕೊಂಡ್ರಿ. ಹೆಸರ ಕೇಳಲೇ ಇಲ್ಲಲ್ರಿ?"

ಹೆಸರು ಬೇಕಾಗುವುದಿಲ್ಲ, ಎತ್ತಿನ ಗಾಡಿ ಒಂದು ಎಂದು ಗೆರೆ ಎಳೆದರೆ ಸಾಕು ಎಂದೆ. ಅವನ ಮುಖ ಬಾಡಿತು. ತನ್ನದು ಬೇಡವಾದರೆ ಬೇಡ, ಎಳೆದವು ಎತ್ತುಗಳು, ಅವುಗಳದಾದರೂ ಬರೆದುಕೊಳ್ಳಿ ಎಂದ. ಮೂರು ದಿನದಲ್ಲಿ ನನ್ನೊಡನೆ ಮಾತಾಡಿದ ಮೊದಲ ಮನುಷ್ಯ, ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಗೆರೆಯ ಬಾಜೂಕ ಸರ್ಜಾ, ರಾಜಾ ಎಂದು ಬರೆದೆ.

ತಿಂಗಳು ಬಿಟ್ಟು ಮೇಲಿನ ಕಚೇರಿಯಿಂದ ಕಾಗದ ಬಂತು: ಸದರಿ ಇಬ್ಬರು ಸಹಾಯಕರನ್ನು ಯಾರ ಅನುಮತಿಯಿಂದ ನೇಮಿಸಿಕೊಂಡಿರಿ, ಅವರ ವಿದ್ಯಾರ್ಹತೆ ಏನು?

ಕಸಬರಿಗೆ

ಸುಗ್ಗಿ ಬಂತೆಂದರೆ ನನ್ನ ಇನ್ನೂರು ಮೀಟರಿನ ಮೇಲೆ ಜೋಳದ ತೆನೆ ಹಾಸುತ್ತಿದ್ದರು. ಗಾಡಿಗಳು ಹಾದು ಹೋದಂತೆ ಕಾಳು ತಾನೇ ಉದುರುತ್ತದೆ. ಅಳತೆ ಕೆಡುತ್ತದೆ ಎಂದು ನಾನು ಜಗಳಕ್ಕೆ ಹೋದರೆ, ಕಾಳು ಗುಡಿಸುತ್ತಿದ್ದ ಮುದುಕಿ ಆಯಿಯೊಬ್ಬಳು ನನ್ನ ಉಪಕರಣ ನೋಡಿ, ಇದೇನು ಮಾಡುತ್ತದೆ ಎಂದು ಕೇಳಿದಳು. ಅದು ಉದ್ದನೆಯ ತೊಲೆ. ಭಾರದ ಲಾರಿಯ ಗಾಲಿಯ ಹತ್ತಿರ ಇಟ್ಟರೆ ರಸ್ತೆ ಕೂದಲೆಳೆಯಷ್ಟು ಕುಸಿದರೂ ತೋರಿಸುತ್ತದೆ. ಅರ್ಧ ತಾಸು ವಿವರಿಸಿದೆ. ಕೇಳುವವರು ಸಿಕ್ಕಿದ್ದರಲ್ಲ.

ಎಲ್ಲ ಕೇಳಿ ಆಯಿ ಬೊಟ್ಟು ಮಾಡಿ, "ಅಲ್ಲಿ ತಗ್ಗ ಬೀಳತೈತಿ ನೋಡ್ರಿ" ಎಂದಳು. ನನ್ನ ತೊಲೆಗೆ ಅಲ್ಲೇನೂ ಕಂಡಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಸರಿಯಾಗಿ ಅಲ್ಲೇ ತಗ್ಗು. ಓಡಿಹೋಗಿ, ಹೇಗೆ ತಿಳಿಯಿತು ಆಯಿ ಎಂದೆ.

"ಎಷ್ಟ ಗುಡಿಸಿದ್ರೂ ಅಲ್ಲಿ ನಾಕ ಕಾಳ ಉಳೀತಿದ್ವು. ಇದನ್ನ ಕಲಿಯಾಕ ನೀವು ಎಷ್ಟ ವರ್ಷ ಸಾಲಿಗೆ ಹೋದ್ರಿ?"

ಹದಿನೇಳು ಎಂದೆ.

"ಅಷ್ಟ ವರ್ಷದಾಗ ಆ ಸಾಲಿ ಯಾರೂ ಕಸಾ ಗುಡಿಸಲಿಲ್ಲೇನ್ರಿ?"

ಬಂದವರು ಒಬ್ಬರು

ಒಮ್ಮೆ ನನ್ನನ್ನು ವಿಮಾನ ಓಡುವ ದಾರಿಯ ಪರೀಕ್ಷೆಗೂ ನಾಲ್ಕು ದಿನ ಕಳಿಸಿದ್ದರು. ಏನು ದಾರಿ ಅದು! ನುಣುಪು, ಅಗಲ, ಮತ್ತು ಮಸಣದಷ್ಟು ಮೌನ. ತೆನೆ ಹಾಸುವವರಿಲ್ಲ, ಬೈಯುವವರಿಲ್ಲ. ಎರಡನೆಯ ದಿನಕ್ಕೇ ನನಗೆ ಆಯಿಯ ನೆನಪು ಕಾಡತೊಡಗಿತು. ಗೇಟಿನ ಕಾವಲುಗಾರ ಒಳಗೆ ಹೋಗುವಾಗ "ಒಬ್ಬರು" ಎಂದು ಬರೆಯುತ್ತಿದ್ದ, ಹೊರಗೆ ಬರುವಾಗ ಮತ್ತೆ "ಒಬ್ಬರು" ಎಂದು. ನಾಲ್ಕನೆಯ ದಿನ ತಡೆಯಲಾರದೆ, ಒಬ್ಬನೇ ಇದ್ದು ಇದ್ದು ಬೇಸರ ಬಂದಿದೆ ಮಾರಾಯಾ ಎಂದುಬಿಟ್ಟೆ.

"ನಿಮ್ಮನ್ನ ಬರಕೊಳ್ಳಾಕ ನಾನರೆ ಅದೇನಿ. ನನ್ನ ಬರಕೊಳ್ಳೋರ ಯಾರ್ರಿ?"

ಕಿಸೆಯಿಂದ ಪುಸ್ತಕ ತೆಗೆದು, ಕಾವಲುಗಾರ ಒಬ್ಬ ಎಂದು ಗೆರೆ ಎಳೆದು ತೋರಿಸಿದೆ. ಅವನು ಬಗ್ಗಿ ನೋಡಿ, ಕೆಳಗೆ ಸಹಿ ಮಾಡಿಕೊಟ್ಟ.

ಕಡೆಯ ಅಳತೆ

ಈಗ ಬಿರುಕಿಗೆ ಬರೋಣ. ನಿವೃತ್ತಿಗೆ ವಾರ ಉಳಿದಿತ್ತು. ಕಡೆಯ ಅಳತೆಗೆ ಮೇಲಿನ ಕಚೇರಿಯ ದೊಡ್ಡ ಸಾಹೇಬರೇ ಬಂದಿದ್ದರು. ಹಿಂದಿನ ತಿಂಗಳು ನಾನು ಅಳೆದಾಗ ಒಟ್ಟು ಹನ್ನೊಂದು ಮೀಟರು ಬಿರುಕಿತ್ತು. ಈಗ ರಸ್ತೆ ಮದುಮಗನ ಮುಖದಂತೆ ಹೊಳೆಯುತ್ತಿದೆ! ಸುಣ್ಣದಲ್ಲಿ ನಾನು ಹಾಕಿದ್ದ ಗುರುತುಗಳನ್ನೂ ಯಾರೋ ತೊಳೆದಿದ್ದಾರೆ.

ಸಾಹೇಬರು ಹಿಗ್ಗಿದರು. ಐದು ವರ್ಷ, ಕಬ್ಬಿನ ಭಾರ, ಒಂದೂ ಬಿರುಕಿಲ್ಲ! ಸೊನ್ನೆ ಎಂದು ಬರೆಯಿರಿ, ದೇಶವೆಲ್ಲ ಇದೇ ಬೂದಿ ಹಾಕಲಿ ಎಂದರು. ಬಾಯಿ ಮುಚ್ಚಿಕೊಂಡಿದ್ದರೆ ಹಾರ ನನ್ನ ಕೊರಳಿಗೆ ಬೀಳುತ್ತಿತ್ತು. ಆದರೆ ನಾಳೆ ಎಲ್ಲೋ ಒಂದು ರಸ್ತೆ ಬಿರಿದಾಗ ಯಾರನ್ನು ಕೇಳುವುದು? ಸೊನ್ನೆ ಸುಳ್ಳು, ಬಿರುಕು ಇದ್ದವು ಎಂದೆ. ಇದ್ದರೆ ತೋರಿಸಿ ಎಂದರು. ಹೇಗೆ ತೋರಿಸಲಿ? ಐದು ವರ್ಷದ ಒಂಟಿತನ ಸುಮ್ಮನೆ ನೀರಿಗೆ ಹೋಯಿತು ಎನ್ನಿಸಿ ಸ್ಟೂಲಿನ ಮೇಲೆ ಕುಸಿದೆ.

ಅಷ್ಟರಲ್ಲಿ ಆಯಿ ಬಂದಳು. ಹಿಂದೆ ಗಾಡಿಯವನು, ಅವನ ಕೈಯಲ್ಲಿ ಹಿಂದಿನ ದಿನದ ಹಬ್ಬದ ಕಡಬಿನ ಡಬ್ಬಿ. ನನ್ನ ಮುಖ ನೋಡಿ ಆಯಿ ಗಾಬರಿಯಾದಳು.

"ಮತ್ಯಾಕ ಸಣ್ಣ ಮಾರಿ ಮಾಡೀರಿ? ಎಲ್ಲಾ ಮುಚ್ಚೇವಲ್ಲ. ಐದ ವರ್ಷ ಆತು, ಒಬ್ಬರೇ ಬರತೀರಿ, ಬಿರುಕ ನೋಡತೀರಿ, ಬರಕೋತೀರಿ, ಅಳು ಮಾರಿ ಮಾಡಕೊಂಡ ಹೋಗತೀರಿ. ಕಡೀ ದಿನಾನರೆ ನಕ್ಕೋಂತ ಹೋಗ್ಲಿ ಅಂತ ಊರ ಮಂದಿ ಎಲ್ಲಾ ಕೂಡಿ ಮಾಡೇವ್ರಿ."

ಐದು ವರ್ಷ ನಾನು ರಸ್ತೆ ನೋಡುತ್ತಿದ್ದೆ, ಊರು ನನ್ನನ್ನು ನೋಡುತ್ತಿತ್ತು. ಸಾಹೇಬರು ಮಾತ್ರ, ಯಾವುದರಿಂದ ಮುಚ್ಚಿದಿರಿ ಎಂದು ಕೇಳಿದರು. ಡಾಂಬರು ಎಲ್ಲಿ ಸಿಗಬೇಕು, ಗಾಣದಲ್ಲಿ ಉಳಿದಿದ್ದ ಬೆಲ್ಲದ ಕಾಕಂಬಿಗೆ ಬೂದಿ, ಉಸುಕು ಕಲಸಿ ತುಂಬಿದೆವು ಎಂದ ಗಾಡಿಯವನು. ಬಣ್ಣವೂ ಕಪ್ಪು, ಅಂಟೂ ಗಟ್ಟಿ, ಹಳೆಯ ಗುಡಿಯ ಗೋಡೆಗಳಿಗೆ ಸುಣ್ಣದ ಜೊತೆ ಬೆಲ್ಲ ಹಾಕಿಲ್ಲವೇ ಎಂದು ಸಾಹೇಬರನ್ನೇ ಪ್ರಶ್ನಿಸಿದ.

ಸಾಹೇಬರು ನೆಲ ನೋಡುತ್ತಿದ್ದರು. ಬಿಸಿಲೇರಿತ್ತು. ರಸ್ತೆಯಂಚಿನಿಂದ ಕೆಂಪಿರುವೆಯ ಸಾಲೊಂದು ಹೊರಟು, ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲೆಲ್ಲಿ ಬಿರುಕು ತಿರುಗಿತ್ತೋ ಅಲ್ಲಲ್ಲಿ ತಿರುಗಿ, ಎಲ್ಲಿ ಮುಗಿದಿತ್ತೋ ಅಲ್ಲಿ ನಿಂತಿತ್ತು. ನನ್ನ ಸುಣ್ಣದ ಗುರುತು ಎಂದೂ ಅಷ್ಟು ಸ್ಪಷ್ಟವಿರಲಿಲ್ಲ. ನಾನು ಮೊಣಕಾಲೂರಿದೆ. ಟೇಪಿನ ಆ ತುದಿಯನ್ನು ಐದು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರು ಹಿಡಿದರು: ಆಯಿ. ಗಾಡಿಯವನು ಇರುವೆಗಳಿಗೆ ತೊಂದರೆಯಾಗದಂತೆ ದಾರಿಯ ಗಾಡಿಗಳನ್ನು ತಡೆದು ನಿಲ್ಲಿಸಿದ. ಹನ್ನೊಂದೂಕಾಲು ಮೀಟರು ಬಂತು.

ವರದಿಯಲ್ಲಿ "ಅಳತೆಗೆ ಬಳಸಿದ ಉಪಕರಣಗಳು" ಎಂಬ ಜಾಗದಲ್ಲಿ ಸಾಹೇಬರ ಪೆನ್ನು ನಿಂತುಬಿಟ್ಟಿತು. ಕಡೆಗೆ ನನ್ನ ಕೈಗೇ ಕೊಟ್ಟರು. ಬಾಯಲ್ಲಿ ಕಡಬು ಇಟ್ಟುಕೊಂಡೇ ಬರೆದೆ: ಟೇಪು ಒಂದು, ಆಯಿ ಒಬ್ಬಳು, ಇರುವೆ ಲೆಕ್ಕವಿಲ್ಲ. ಕೆಳಗೆ ದಿನ ಹಾಕಿದೆ: ಎಳ್ಳ ಅಮಾವಾಸ್ಯೆಯ ಮರುದಿನ, ಮಂಗಳವಾರ.