ನಮ್ಮ ಕಾರಿನ ನೀರು ಎಲ್ಲಿಗೆ ಹೋಯಿತು

ನಮ್ಮ ಕಾರಿನ ಕೂಲಂಟ್, ಅಂದರೆ ಇಂಜಿನ್ ತಣಿಸುವ ಹಸಿರು ನೀರು, ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನಾನೇ ಪತ್ತೆ ಮಾಡುತ್ತೇನೆ, ಇದರಲ್ಲಿ ಬೇರೆ ಯಾರೂ ಕೈ ಹಾಕಕೂಡದು ಎಂದು ಊಟದ ಹೊತ್ತಿನಲ್ಲಿ ಘೋಷಿಸಿದೆ. ಘೋಷಿಸಿದೆ ಎಂದರೆ, ತಟ್ಟೆ ನೋಡಿಕೊಂಡು ಮೆಲ್ಲಗೆ ಹೇಳಿದೆ. ಶಾಲೆ ಮುಗಿಸಿದ ಮೇಲೆ ಮನೆಯಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅಮ್ಮ ಸೌಟು ಹಿಡಿದವಳು ಹಾಗೇ ನಿಂತುಬಿಟ್ಟಳು.

"ಪತ್ತೆ ಮಾಡಪ್ಪ," ಎಂದರು ಅಪ್ಪ. "ಆದ್ರೆ ಇಂಜಿನ್ನೇ ಹೋಗಿದೆ ಅಂತಾದ್ರೆ ನಾನು ರಿಪೇರಿ ಗಿಪೇರಿ ಮಾಡಿಸಲ್ಲ. ಸೋಮವಾರ ಗುಜರಿಯವನಿಗೆ ಕೊಟ್ಟು ಕೈತೊಳ್ಕೋತೀನಿ."

ಅಜ್ಜಿಯ ಮುಖ ಸಣ್ಣದಾಯಿತು. ಅವಳು ವಾರಕ್ಕೊಮ್ಮೆ ತನ್ನ ತಂಗಿಯ ಮನೆಗೆ ಹೋಗುವುದು ಆ ಕಾರಿನಲ್ಲೇ, ಮುಂದಿನ ಸೀಟಿನಲ್ಲಿ. ಮಂಡಿನೋವಿನವಳಿಗೆ ಬಸ್ಸಿನ ಮೆಟ್ಟಿಲೆಂದರೆ ಪರ್ವತ. ಕಾರು ಹೋದರೆ ತಂಗಿಯನ್ನು ಫೋಟೋದಲ್ಲೇ ನೋಡಬೇಕು.

ಮಾರನೆಯ ದಿನ ಮಹಾ ತನಿಖೆ ಆರಂಭವಾಯಿತು. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ ಎಂದು ಎಲ್ಲೋ ಓದಿದ್ದೆ. ಆದ್ದರಿಂದ ಕಾದೆ. ಬೆಚ್ಚಗಿದೆಯೆಂದು ಬಾನೆಟ್ ಮೇಲೆ ಮಲಗಿದ್ದ ಬೆಕ್ಕು ಚಳಿಯಾಗಿ ಎದ್ದುಹೋಗುವ ತನಕ ಕಾದೆ. ಆಮೇಲೂ ಧೈರ್ಯ ಸಾಲದೆ, ಅಮ್ಮನ ಹೆಲ್ಮೆಟ್ ಹಾಕಿಕೊಂಡು ಮುಚ್ಚಳ ತಿರುಗಿಸಿದೆ.

ಪೈಪುಗಳನ್ನೆಲ್ಲ ಟಾರ್ಚ್ ಹಿಡಿದು ಸವರಿದೆ. ಎಲ್ಲೂ ತೇವವಿಲ್ಲ. ಇಂಜಿನ್ ಕೆಳಗೆ ರಟ್ಟು ಹಾಸಿದೆ. ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ. ಕೂಲಂಟ್ ಮಾತ್ರ ಇಳಿಯುತ್ತಲೇ ಇತ್ತು. ಹೊರಗೆ ಬೀಳುತ್ತಿಲ್ಲ ಎಂದಮೇಲೆ ಒಳಗೇ ಹೋಗುತ್ತಿರಬೇಕು. ನೀರು ಇಂಜಿನ್ನಿನೊಳಗೆ ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟು, ಇಂಜಿನ್ ತನ್ನ ನೀರನ್ನು ತಾನೇ ಕುಡಿಯುತ್ತಿದೆ! ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದದ್ದನ್ನು ಕಂಡ ಮೇಲೆ, ಒಳಗೆ ಹೋದ ನೀರೇ ಆವಿಯಾಗಿ ಬರುತ್ತಿದೆ ಎಂದು ಖಾತ್ರಿಯಾಯಿತು. ಆ ಚಳಿಯಲ್ಲಿ ನನ್ನ ಬಾಯಿಂದಲೂ ಅಂಥದ್ದೇ ಹೊಗೆ ಬರುತ್ತಿದ್ದದ್ದು ಲೆಕ್ಕಕ್ಕೆ ಬರಲಿಲ್ಲ.

ಆ ವಾರ ಅಜ್ಜಿಯ ತಂಗಿಯ ಮನೆಗೆ ಹೊರಟಾಗ ನಾನು ಹಿಂದಿನ ಸೀಟಿನಿಂದ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ದಿಟ್ಟಿಸುತ್ತಿದ್ದೆ. ಅದು ಕೂದಲೆಳೆಯಷ್ಟು ಮೇಲೇರಿದರೂ ನನ್ನ ಉಸಿರು ನಿಲ್ಲುತ್ತಿತ್ತು. ಮುಂದಿನ ಗಾಜಿನ ಒಳಮೈಯೆಲ್ಲ ಮಂಜುಮಂಜು.

"ಅಜ್ಜಿ, ಸ್ವಲ್ಪ ಮೆಲ್ಲಗೆ ಉಸಿರಾಡು. ಅಪ್ಪನಿಗೆ ದಾರಿ ಕಾಣ್ತಿಲ್ಲ."

"ಅದೂ ನಂದೇ ತಪ್ಪೇನೋ?" ಎಂದಳು ಅಜ್ಜಿ, ಯಾಕೋ ಅಳುವ ದನಿಯಲ್ಲಿ.

ಅಜ್ಜಿಯ ರೀತಿಯೇ ಇತ್ತೀಚೆಗೆ ವಿಚಿತ್ರವಾಗಿತ್ತು. ಹೊರಡುವ ದಿನ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ.

"ಒಂದು ಲೋಟ ಕುಡೀರಿ ಅತ್ತೆ, ತುಟಿ ನೋಡಿ ಹೇಗೆ ಒಣಗಿದೆ," ಎಂದು ಅಮ್ಮ ಗೋಗರೆದರೆ, "ಬೇಡಮ್ಮ, ದಾಹ ಇಲ್ಲ," ಎಂದು ಮುಖ ತಿರುಗಿಸುತ್ತಿದ್ದಳು. ಕಾರು ನಿಂತ ಮೇಲೂ ಇಳಿಯುತ್ತಿರಲಿಲ್ಲ. "ನೀವು ನಡೀರಿ, ನಾನು ಬಂದೆ," ಎಂದು ಬಗ್ಗಿ ಚೀಲ ತಡಕಾಡುತ್ತಿದ್ದಳು. ಮಂಡಿನೋವು ಹೆಚ್ಚಾಗಿರಬೇಕು ಎಂದುಕೊಂಡೆವು.

ಶನಿವಾರ ತೀರ್ಪು ಕೊಟ್ಟೆ.

"ಅಪ್ಪಾ, ಹೆಡ್ ಗ್ಯಾಸ್ಕೆಟ್."

"ಖಾತ್ರಿನಾ?"

"ಖಾತ್ರಿ."

ಅಪ್ಪ ಗುಜರಿಯವನಿಗೆ ಫೋನ್ ಮಾಡಿದರು. ಅಜ್ಜಿ, "ಹೋದ್ರೆ ಹೋಗ್ಲಿ ಬಿಡು. ನಾನೂ ಇನ್ನು ಕಾರು ಹತ್ತೋದು ಬೇಡ ಅಂತಲೇ ಇದ್ದೆ," ಎಂದು ಎದ್ದು ಒಳಗೆ ಹೋದಳು.

ಭಾನುವಾರ ಅಪ್ಪ, "ಕೊನೇ ಸಲ ಒಂದು ಸುತ್ತು ಹೋಗ್ಬರೋಣ ಬಾ," ಎಂದರು. ಅಜ್ಜಿ ಬರಲಿಲ್ಲ. ಅವಳ ಸೀಟಿನಲ್ಲಿ ನಾನು ಕೂತೆ. ಏರುದಾರಿಯಲ್ಲಿ ಮುಳ್ಳು ಮೇಲಕ್ಕೆ ಹೊರಟಿತು.

"ಅಪ್ಪಾ, ಇಂಜಿನ್ ಸಿಡಿಯುತ್ತಾ?"

"ಸಿಡಿದ್ರೆ ಹೇಳ್ತೀನಿ, ಸುಮ್ನೆ ಕೂತ್ಕೋ."

ಅದೇ ಹೊತ್ತಿಗೆ ನನ್ನ ಕಣಕಾಲಿನ ಮೇಲೆ ಬೆಚ್ಚಗೆ ಏನೋ ಇಳಿದು ಸಾಕ್ಸ್ ಒದ್ದೆಯಾಯಿತು. ನಾನು ಕಲ್ಲಾದೆ. ತೀರಾ ಹೆದರಿದವರಿಗೆ ಹೀಗೂ ಆಗುತ್ತದೆ ಎಂದು ಕೇಳಿದ್ದೆ. ಆದರೆ ಈ ವಯಸ್ಸಿನಲ್ಲಿ, ಅದೂ ಅಪ್ಪನ ಪಕ್ಕದಲ್ಲಿ ಕೂತು! ಅಪ್ಪ ರಸ್ತೆ ನೋಡುತ್ತಿದ್ದಾರೆ ಎಂದು ಖಚಿತಪಡಿಸಿಕೊಂಡು ಪ್ಯಾಂಟ್ ಮೆಲ್ಲಗೆ ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಮತ್ತೊಮ್ಮೆ ಮುಟ್ಟಿದೆ. ಒಣಗೇ ಇತ್ತು. ಆಗ ಬಗ್ಗಿ ನೋಡಿದರೆ ಬಿಳಿ ಸಾಕ್ಸ್ ಹಸಿರಾಗಿದೆ, ಸಿಹಿಯಾದ ವಾಸನೆ ಬರುತ್ತಿದೆ. ಕಪ್ಪು ಮ್ಯಾಟ್ ಎತ್ತಿದೆ. ಅದರಡಿ ಪುಟ್ಟ ಕೆರೆ!

ಕಾರಿನ ಒಳಗನ್ನು ಬಿಸಿ ಮಾಡುವ ಹೀಟರಿಗೆಂದು ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟ್ಟ ರೇಡಿಯೇಟರ್ ಇರುತ್ತದೆ. ಸೋರುತ್ತಿದ್ದದ್ದು ಅದು. ಗಾಜನ್ನು ಮಂಜಾಗಿಸಿದ್ದೂ ಅದೇ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಕಾರಿನ ಮೇಲೆ, ಕೆಳಗೆ ಎಲ್ಲ ಹುಡುಕಿದ ನಾನು ಮನುಷ್ಯರು ಕೂರುವ ಜಾಗವನ್ನು ಮಾತ್ರ ನೋಡಿರಲಿಲ್ಲ.

ಮನೆಗೆ ಬಂದವನೇ ಓಡಿದೆ. "ಅಜ್ಜಿ, ಹೀಟರ್ ಸೋರ್ತಿದೆ, ನೀನು ಕಾಲಿಡೋ ಜಾಗದಲ್ಲೇ!"

ಅಜ್ಜಿ ಬಗ್ಗಿ ನನ್ನ ಒದ್ದೆ ಸಾಕ್ಸನ್ನು ಮುಟ್ಟಿ ನೋಡಿದಳು.

"ಕಾರಾ? ನಿಜವಾಗ್ಲೂ ಕಾರೇ ಸೋರ್ತಿತ್ತಾ?"

"ಹೂಂ ಅಜ್ಜಿ."

"ಸೋರ್ತಿರೋದು ನಾನೇ ಅಂದ್ಕೊಂಡಿದ್ನಲ್ಲೋ."

ಚೀಲದಿಂದ ಒಂದು ಹಳೇ ಕಡುಹಸಿರು ಟವೆಲ್ ತೆಗೆದಳು. ಎಲ್ಲರೂ ಇಳಿದ ಮೇಲೆ ಒಬ್ಬಳೇ ಕೂತು, ಯಾರಿಗೂ ತಿಳಿಯದಂತೆ ನೆಲ ಒರೆಸುತ್ತಿದ್ದಳಂತೆ. ವಯಸ್ಸಾಯಿತು, ಇನ್ನು ಹೊರಗೆ ಓಡಾಡುವ ಯೋಗ್ಯತೆ ತನಗಿಲ್ಲ ಎಂದುಕೊಂಡಿದ್ದಳಂತೆ.

"ಸೀಟು ಒಣಗೇ ಇರ್ತಿತ್ತಲ್ಲ ಅತ್ತೆ, ಅದನ್ನಾದ್ರೂ ನೋಡಬಾರ್ದಾ?" ಎಂದಳು ಅಮ್ಮ.

"ಹೆದರಿದೋಳು ಸೀಟು ನೋಡ್ತಾಳೇನಮ್ಮ?" ಎಂದು ಅಜ್ಜಿ ನೀರಿನ ಚೊಂಬನ್ನೇ ಎತ್ತಿ ಗಟಗಟ ಕುಡಿದಳು.

ಅಪ್ಪ ಗುಜರಿಯವನಿಗೆ ಬರಬೇಡ ಎಂದರು. ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ, ನೀರು ಆ ಕಡೆ ಹೋಗದಂತೆ ಮಾಡಿದರು. ಟಾರ್ಚ್ ಹಿಡಿದು ನಿಂತಿದ್ದ ನನಗೆ, ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದದ್ದು ಕಂಡು ಕೊಂಚ ಹುರುಪು ಬಂತು.

"ಸಾಕ್ಸ್ ಒದ್ದೆಯಾದ ಕೂಡ್ಲೇ ನಂಗೆ ಗೊತ್ತಾಯ್ತು ಅಜ್ಜಿ, ಇದು ಕೂಲಂಟೇ ಅಂತ."

ಬಾನೆಟ್ಟಿನೊಳಗಿಂದ ತಲೆ ಎತ್ತದೆ ಅಪ್ಪ ಹೇಳಿದರು: "ಹೌದಮ್ಮ, ಅದಕ್ಕೇ ಎರಡೆರಡು ಸಲ ಪ್ಯಾಂಟ್ ಮುಟ್ಟಿ ನೋಡ್ಕೊಂಡ."