ಮಾವನವರ ಮೀನಿಗೆ ಎರಡು ಜಾತಿ

ನಮ್ಮ ಮಾವನವರು ತಮ್ಮ ಒಬ್ಬನೇ ಮಗನಿಗೆ ಹೆಣ್ಣು ಹುಡುಕಿದ್ದು ಮೀನಿನ ಸಲುವಾಗಿ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಅದೂ ಎಂಥ ಮೀನು? ಬೆರಳುದ್ದ, ಪೆನ್ಸಿಲ್ ದಪ್ಪ, ಹಾವಿನ ಹಾಗೆ ಬಳುಕುತ್ತ ಮರಳಿನೊಳಗೆ ತೂರಿಕೊಳ್ಳುವ, ಬಾಯಿಯ ಸುತ್ತ ಪುಟ್ಟ ಮೀಸೆಗಳಿರುವ ಒಂದು ಹುಳುವಿನಂಥ ಮೀನು. ಅದನ್ನು ತಿನ್ನುವವರೆಂದರೆ ಆ ಮಾತು ಬೇರೆ. ನಮ್ಮದೋ ಮೀನು ಮಾಂಸ ಮುಟ್ಟದ ಮನೆ!

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹೊಸಕೋಟೆಯವಳು. ಬಸ್ಸಿನಲ್ಲಿ ಬೆಂಗಳೂರಿಗೆ ಓಡಾಡಿಕೊಂಡು ಬಿ.ಎಸ್ಸಿ. ಮಾಡಿದ್ದೆ. ಮಾಡಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಪ್ರಾಣಿಶಾಸ್ತ್ರದಲ್ಲಿ ಒಮ್ಮೆ ಮುಗ್ಗರಿಸಿ, ಎರಡನೆಯ ಸಲ ಕಪ್ಪೆಯ ಮೇಲೆ ಪ್ರಶ್ನೆ ಬಂದದ್ದರಿಂದ ದಡ ಸೇರಿದ್ದೆ. ಹೀಗಿರುವಾಗ ದೊಡ್ಡಬಳ್ಳಾಪುರದಿಂದ ಗಂಡಿನ ಕಡೆಯವರು ಬಂದರು. ಆರು ಪವರ್‌ಲೂಮ್ ಮಗ್ಗಗಳಿದ್ದ ನೇಕಾರರ ಮನೆ. ಹುಡುಗ ತಲೆ ಎತ್ತಲಿಲ್ಲ. ಅತ್ತೆಯವರು ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ವಿಚಾರಿಸಿದರು. ಮಾವನವರು ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಮೀನಿಗೆ ಮೀಸೆ ಯಾತಕ್ಕಮ್ಮ ಇರ್ತದೆ?" ಎಂದು ಕೇಳಿದರು.

ನಮ್ಮ ತಂದೆ ಗಾಬರಿಯಿಂದ ನನ್ನ ಕಡೆ ನೋಡಿದರು. ನನಗೆ ಎಲ್ಲೋ ಓದಿದ್ದೊಂದು ನೆನಪಾಯಿತು. "ರುಚಿ ನೋಡೋಕೆ" ಎಂದೆ. ಮಾವನವರು ಹೆಂಡತಿಯ ಕಡೆ ತಿರುಗಿ ಒಪ್ಪಿಗೆಯೆಂದು ತಲೆಯಾಡಿಸಿದರು. ಜಾತಕ ತೋರಿಸುವ ಮಾತು ಮತ್ತೆ ಬರಲೇ ಇಲ್ಲ.

ಮದುವೆಯಾಗಿ ಹೋದ ಮೇಲೆ ವಿಷಯ ತಿಳಿಯಿತು. ಕರೆಂಟು ಹೋದಾಗ ಊರಿನ ನೇಕಾರರೆಲ್ಲ ಜಗಲಿಯಲ್ಲಿ ಕುಳಿತು ಬೀಡಿ ಸೇದಿದರೆ, ನಮ್ಮ ಮಾವನವರು ಸೈಕಲ್ ಹತ್ತಿ ಮಾಕಳಿದುರ್ಗದ ದಾರಿಯ ಕೆರೆ, ಕಾಲುವೆಗಳಿಗೆ ಹೋಗುತ್ತಿದ್ದರು. ನೇಯ್ಗೆ ಕೆಟ್ಟ ಸೀರೆಯ ತುಂಡೇ ಬಲೆ. ಆ ಕಾಲದಲ್ಲಿ ಕರೆಂಟು ಎಷ್ಟು ಹೋಗುತ್ತಿತ್ತೆಂದು ನೆನಪಿರುವವರಿಗೆ, ನಮ್ಮ ಹಿತ್ತಲಲ್ಲಿ ಎಷ್ಟು ಮೀನಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾರ್ಲಿಕ್ಸ್ ಬಾಟಲಿಗಳಲ್ಲಿ ಮೀನು, ಉಪ್ಪಿನಕಾಯಿ ಜಾಡಿಯಲ್ಲಿ ಮೀನು. ಹೊಸ ಸೊಸೆ ನಾನು. ಅಡುಗೆಮನೆಯಲ್ಲಿ ಯಾವ ಮುಚ್ಚಳ ತೆರೆಯಬೇಕಾದರೂ ಮೊದಲು ಕಿವಿಗೊಟ್ಟು ಕೇಳುತ್ತಿದ್ದೆ.

ಅವರ ಹಟವೆಲ್ಲ ವಿಂಗಡಣೆಯದು. ಊರಿನವರು ಉದ್ದಗಿರುವುದನ್ನೆಲ್ಲ ಹಾವುಮೀನು ಎಂದುಬಿಡುತ್ತಿದ್ದರು. ನಮ್ಮ ಮಗ್ಗದಲ್ಲಿ ಕೆಲಸಕ್ಕಿದ್ದ ತಮಿಳಿನವರು ಈ ಮೀಸೆಯದನ್ನು ಅಯಿರೆ ಎನ್ನುತ್ತಿದ್ದರು. ಉದ್ದಗಿದ್ದ ಮಾತ್ರಕ್ಕೆ ಎಲ್ಲ ಒಂದೇ ಆಗುತ್ತದೆಯೇ, ಹತ್ತು ಮೊಳದ ಪಂಚೆಯೂ ಹತ್ತು ಮೊಳದ ಸೀರೆಯೂ ಒಂದೇ ಏನು ಎಂದು ಮಾವನವರು ಬೀದಿಯಲ್ಲಿ ನಿಂತು ಜಗಳಕ್ಕೇ ಹೋಗುತ್ತಿದ್ದರು. ಚೂಪು ಮೂತಿಯ, ಬೆನ್ನಿನ ಮೇಲೆ ಸಾಲು ಮುಳ್ಳಿರುವುದು ಒಂದು ಕುಲ. ರೆಕ್ಕೆಯೇ ಇಲ್ಲದೆ ಕೆಸರಿನಲ್ಲಿ ಹೂತುಕೊಳ್ಳುವುದು ಇನ್ನೊಂದು. ಕಣ್ಣಿನ ಕೆಳಗೆ ಸಣ್ಣ ಮುಳ್ಳನ್ನು ಮಡಚಿಟ್ಟುಕೊಂಡಿರುವ ಮೀಸೆಮೀನು ಮೂರನೆಯದು. ಮೊದಲೆರಡರ ಬಗ್ಗೆ ಅವರಿಗೆ ನೆಮ್ಮದಿಯಿತ್ತು. ನಿದ್ದೆಗೆಡಿಸಿದ್ದು ಈ ಮೂರನೆಯದು. ಬಟ್ಟೆಯ ಎಳೆ ಎಣಿಸುವ ಪುಟ್ಟ ಗಾಜನ್ನು ಕಣ್ಣಿಗೊತ್ತಿಕೊಂಡು ಅವರು ಮೀನಿನ ರೆಕ್ಕೆಯ ಎಳೆಗಳನ್ನು ಎಣಿಸಿದ್ದರು. ಕೆಲವು ಮೀನುಗಳ ಎದೆಯ ರೆಕ್ಕೆಯಲ್ಲಿ ಒಳಬದಿಯ ಎಳೆಗಳು ಬೆಸೆದುಕೊಂಡು ಗಟ್ಟಿಯಾಗಿದ್ದವು. ಉಳಿದವುಗಳಲ್ಲಿ ಹಾಗಿರಲಿಲ್ಲ. ಹಾಗಾದರೆ ಜಾತಿ ಒಂದೋ, ಎರಡೋ?

ಒಂದು ಬೆಳಿಗ್ಗೆ ಅವರು ಎರಡು ಬಾಟಲಿ ತಂದು ನನ್ನ ಮುಂದೆ ಇಟ್ಟು ಆ ಪ್ರಶ್ನೆ ಕೇಳಿದರು. ಅತ್ತೆ ಸೌಟು ಹಿಡಿದುಕೊಂಡೇ ಬಂದು ನಿಂತರು. ನನ್ನ ಗಂಡ, ಮೂವರು ಕೆಲಸದವರು, ಸೀರೆ ನೋಡಲು ಬಂದಿದ್ದ ವ್ಯಾಪಾರಿ, ಎಲ್ಲರ ಕಣ್ಣೂ ನನ್ನ ಮೇಲೆ. ಬಾಟಲಿಯೊಳಗೆ ಏನೋ ಬಳುಕುತ್ತಿತ್ತು. ನನಗೆ ಗೊತ್ತಿದ್ದುದು ಕಪ್ಪೆ ಮಾತ್ರ. ಆದರೆ ಮಾವನವರ ಕಣ್ಣಿನಲ್ಲಿ ಒಂದು ಆಸೆ ಇತ್ತಲ್ಲ, ಎರಡು ಎಂದರೆ ಅವರಿಗೆ ಖುಷಿಯಾದೀತೆಂದು ಅನ್ನಿಸಿತು.

"ಎರಡು ಬೇರೆ ಜಾತಿ ಮಾವ" ಎಂದುಬಿಟ್ಟೆ.

ಅವರು ಆ ಕ್ಷಣವೇ ನೋಟ್‌ಬುಕ್ ತರಿಸಿ ಬರೆದುಕೊಂಡರು: 'ಎರಡು ಜಾತಿ. ಸೊಸೆ, ಬಿ.ಎಸ್ಸಿ., ಖುದ್ದು ನೋಡಿ ಹೇಳಿದ್ದು.'

ನನ್ನ ನೆಮ್ಮದಿ ಅಂದೇ ಹೋಯಿತು. ವಾರ ಕಳೆಯುವುದರೊಳಗೆ ಮಗ್ಗದ ಮನೆಯ ಹಿಂದೆ ಎರಡು ಸಿಮೆಂಟು ತೊಟ್ಟಿಗಳು ಎದ್ದವು. ಒಂದರಲ್ಲಿ ಗಟ್ಟಿ ರೆಕ್ಕೆಯವು, ಇನ್ನೊಂದರಲ್ಲಿ ತೆಳು ರೆಕ್ಕೆಯವು. ಹಿಡಿದು ತಂದ ಒಂದೊಂದು ಮೀನನ್ನೂ ಗಾಜಿನಲ್ಲಿ ನೋಡಿ ಆಯಾ ಜಾತಿಯ ತೊಟ್ಟಿಗೆ ಬಿಡುತ್ತಿದ್ದರು. ಅಪ್ಪಿತಪ್ಪಿ ಒಂದು ಆಚೆಯದು ಈಚೆ ಬಿದ್ದರೆ, ಮದುವೆ ಮನೆಯಲ್ಲಿ ಪಂಕ್ತಿ ತಪ್ಪಿ ಕುಳಿತವರನ್ನು ಎಬ್ಬಿಸಿದಂತೆ ಹುಡುಕಿ ಎತ್ತುತ್ತಿದ್ದರು. ನಾನು ಬಟ್ಟೆ ಒಗೆಯಲು ಆ ಕಡೆ ಹೋದಾಗಲೆಲ್ಲ ಎರಡು ತೊಟ್ಟಿಗಳೂ ನನ್ನನ್ನೇ ನೋಡಿದಂತಾಗುತ್ತಿತ್ತು.

ಊರಿನಲ್ಲಿ ಸುದ್ದಿ ಹಬ್ಬದೆ ಇರುತ್ತದೆಯೇ? ಈ ಮನೆಯವರು ಗುಟ್ಟಾಗಿ ಮೀನು ತಿನ್ನುತ್ತಾರಂತೆ ಎಂದು ಕುಲದ ಹಿರಿಯರು ಮೂವರು ವಿಚಾರಣೆಗೆ ಬಂದರು. ಅತ್ತೆ ಒಳಗೆ ಅಳುತ್ತ ಕುಳಿತರು. ಮಾವನವರು ಹಿರಿಯರನ್ನು ತೊಟ್ಟಿಯ ಹತ್ತಿರ ಕೂರಿಸಿ ಮೀಸೆ, ಮುಳ್ಳು, ರೆಕ್ಕೆಯ ಎಳೆ ಎಲ್ಲವನ್ನೂ ಎರಡು ಗಂಟೆ ವಿವರಿಸಿದರು. ಒಬ್ಬರಿಗೆ ತೂಕಡಿಕೆ ಬಂತು. ಹೊರಡುವಾಗ ಹಿರಿಯರಲ್ಲಿ ಹಿರಿಯರು ಚಪ್ಪಲಿ ಮೆಟ್ಟುತ್ತ, "ತಿಂದಿದ್ರೇ ವಾಸಿಯಾಗಿತ್ತು, ದಂಡ ಹಾಕಿ ಬೇಗ ಮನೆಗೆ ಹೋಗ್ಬೋದಿತ್ತು" ಎಂದರಂತೆ.

ಇದಕ್ಕಿಂತ ಕಷ್ಟವಾದದ್ದು ಮರಿಯ ವಿಚಾರ. ಯಾವ ತೊಟ್ಟಿಯಲ್ಲೂ ಮರಿಯಾಗುತ್ತಿರಲಿಲ್ಲ. ಮಾವನವರು ಮರಳು ಬದಲಾಯಿಸಿದರು, ಕೆರೆಯ ನೀರನ್ನೇ ಹೊತ್ತು ತಂದರು, ರಾಗಿ ಹಿಟ್ಟು ಉದುರಿಸಿದರು. ಮೀನುಗಳು ಮೈ ತುಂಬಿಕೊಂಡವೇ ಹೊರತು ಮರಿ ಕಾಣಲಿಲ್ಲ. ದಿನವೂ ನನ್ನನ್ನು ಕೇಳುತ್ತಿದ್ದರು. ಅದೇ ಕಾಲಕ್ಕೆ ಅತ್ತೆಯವರೂ ಮೊಮ್ಮಗು ಯಾವಾಗ ಎಂದು ಕೇಳಲು ಶುರುಮಾಡಿದ್ದರು. ಎರಡೂ ಕಡೆಗೆ ಜವಾಬು ಕೊಡಬೇಕಾದವಳು ನಾನೊಬ್ಬಳೇ! ಅತ್ತೆಯವರಿಗೆ ಎರಡನೆಯ ವರ್ಷ ಉತ್ತರ ಸಿಕ್ಕಿತು, ಹೆಣ್ಣು ಮಗು. ಮಾವನವರಿಗೆ ಸಿಗಲಿಲ್ಲ.

ಮೂರನೆಯ ವರ್ಷ ಅವರು ನನಗೆ ಹೇಳದೆ ಒಂದು ಕೆಲಸ ಮಾಡಿದರು. ಬೆಂಗಳೂರಿನಲ್ಲಿ ಮೀನಿನ ವಿಷಯವನ್ನೇ ಓದಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆಂದು ಯಾರಿಂದಲೋ ತಿಳಿದು, ಅವರಿಗೆ ಕಾಗದ ಬರೆದರು. ಪುಸ್ತಕದಲ್ಲಿಲ್ಲದ ಜಾತಿಯೊಂದು ನಮ್ಮಲ್ಲಿದೆ, ಪದವೀಧರೆಯಾದ ನಮ್ಮ ಸೊಸೆ ಪರೀಕ್ಷೆ ಮಾಡಿದ್ದಾಳೆ ಎಂದು. ಭಾನುವಾರ ಬರುತ್ತೇನೆಂದು ಮೇಷ್ಟ್ರು ಉತ್ತರ ಬರೆದರು. ಮಾವನವರು ಆ ಕಾಗದವನ್ನು ದೇವರ ಮುಂದೆ ಇಟ್ಟು ಕೈಮುಗಿದರು. ನಾನೂ ಮುಗಿದೆ, ಬೇರೆ ಕಾರಣಕ್ಕೆ.

ತಾಯಿಗೆ ಮೈ ಸರಿಯಿಲ್ಲವೆಂದು ಸುಳ್ಳು ಹೇಳಿ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಓದುವಾಗ ಒಂದು ದಿನವೂ ಕಾಲಿಡದ ಕಾಲೇಜಿನ ಗ್ರಂಥಾಲಯದಲ್ಲಿ ಅಂದು ಮಧ್ಯಾಹ್ನದವರೆಗೆ ಕುಳಿತೆ. ಕೊನೆಗೆ ಒಂದು ದಪ್ಪ ಪುಸ್ತಕದಲ್ಲಿ ನಮ್ಮ ತೊಟ್ಟಿಯ ಮೀನೇ ಸಿಕ್ಕಿತು. ಕೆಳಗೆ ಒಂದೇ ಒಂದು ಸಾಲು: ಎದೆಯ ರೆಕ್ಕೆಯ ಒಳಬದಿಯ ಎಳೆಗಳು ಬೆಸೆದು ಗಟ್ಟಿಯಾಗಿರುವುದು ಗಂಡು.

ಎರಡು ಜಾತಿಯಲ್ಲ. ಒಂದೇ ಜಾತಿ, ಗಂಡು ಮತ್ತು ಹೆಣ್ಣು. ನನ್ನ ಒಂದು ಮಾತಿನಿಂದ ಮೂರು ವರ್ಷ ಬೇರೆ ಬೇರೆ ತೊಟ್ಟಿಯಲ್ಲಿ! ಮರಿ ಎಲ್ಲಿಂದ ಬರಬೇಕು?

ವಾಪಸು ಬರುವಾಗ ಯಲಹಂಕ ದಾಟುವವರೆಗೆ, ಇಳಿದ ತಕ್ಷಣ ಮಾವನವರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆ. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ, ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ. ಮನೆಗೆ ಬಂದರೆ ಅವರು ತೊಟ್ಟಿಗಳಿಗೆ ಸುಣ್ಣ ಬಳಿದು, ನೀಲಿ ಬಣ್ಣದಲ್ಲಿ 'ಒಂದನೇ ಜಾತಿ', 'ಎರಡನೇ ಜಾತಿ' ಎಂದು ಬರೆಯುತ್ತಿದ್ದರು. ಅಕ್ಷರ ಸರಿಯಿದೆಯಾ ನೋಡು ಎಂದರು. ಸರಿಯಿದೆ ಎಂದೆ. ಶನಿವಾರ ಬಾಯಿ ತೆರೆದೆ, ಹೋದ ಕರೆಂಟು ಬಂದು ಆರು ಮಗ್ಗಗಳೂ ಒಟ್ಟಿಗೆ ಬಡಿಯತೊಡಗಿದವು. ಕೂಗಿ ಹೇಳುವ ಮಾತೇ ಅದು? ಗಂಡನಿಗೆ ಹೇಳಿಕೊಂಡರೆ ಅವರು, "ಮೇಷ್ಟ್ರಿಗೂ ಗೊತ್ತಿಲ್ದೆ ಇರ್ಬೋದು, ಸುಮ್ನಿರು" ಎಂದು ಧೈರ್ಯ ಕೊಟ್ಟರು. ಆ ಧೈರ್ಯದಿಂದ ನನಗೆ ಜ್ವರ ಬಂತು.

ಭಾನುವಾರ ಬಂದೇ ಬಿಟ್ಟಿತು. ಮಾವನವರು ರೇಷ್ಮೆ ಪಂಚೆ ಉಟ್ಟಿದ್ದರು. ಓಣಿಯವರನ್ನೆಲ್ಲ ಕರೆದಿದ್ದರು, ಆ ಮೂವರು ಹಿರಿಯರನ್ನೂ ಬಿಟ್ಟಿರಲಿಲ್ಲ. ಮೇಷ್ಟ್ರು ಬಗಲಚೀಲದ ಸಣಕಲು ಮನುಷ್ಯ. ಕಾಫಿ ಕೂಡ ಆಮೇಲೆ ಎಂದು ಹೇಳಿ ನೇರ ತೊಟ್ಟಿಗೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು. ಒಂದು ಮೀನು ಎತ್ತಿ ನೋಡಿದರು. ಇನ್ನೊಂದು ತೊಟ್ಟಿಯಿಂದ ಮತ್ತೊಂದು ಎತ್ತಿದರು. ಆಮೇಲೆ ಬಹಳ ಮೆತ್ತಗೆ, ನೋವಾಗದ ಹಾಗೆ ಹೇಳಿದರು. ಎಳೆ ಎಣಿಸಿದ್ದು ತುಂಬ ಚೆನ್ನಾಗಿದೆ, ನಮ್ಮ ವಿದ್ಯಾರ್ಥಿಗಳೂ ಇಷ್ಟು ನಿಗಾ ಇಟ್ಟು ನೋಡುವುದಿಲ್ಲ, ಆದರೆ ಇದು ಗಂಡು, ಇದು ಹೆಣ್ಣು.

ಅತ್ತೆಯವರೇ ಮೊದಲು ಬಾಯಿಬಿಟ್ಟರು. "ಅಯ್ಯೋ ರಾಮ, ಗಂಡ ಹೆಂಡ್ತೀನ ಮೂರು ವರ್ಷ ಬೇರೆ ಇಟ್ಟಿದ್ರಲ್ರೀ!"

ಓಣಿಗೆ ಓಣಿಯೇ ನಕ್ಕಿತು. ಹಿರಿಯರೂ ನಕ್ಕರು. ನಾನು ಬಾಗಿಲ ಮರೆಯಲ್ಲಿ ಮಗುವನ್ನು ಅವಚಿಕೊಂಡು ನಿಂತಿದ್ದೆ. ಮೇಷ್ಟ್ರು ಜೇಬಿನಿಂದ ಕಾಗದ ತೆಗೆದು, ನಿಮ್ಮ ಸೊಸೆ ಪರೀಕ್ಷೆ ಮಾಡಿದ್ದಾರೆ ಎಂದು ಬರೆದಿದ್ದೀರಲ್ಲ, ಅವರು ಏನು ನೋಡಿ ಹೀಗೆ ಹೇಳಿದರು ಎಂದು ಕೇಳಿದರು. ಅವರಿಗೆ ಅದು ಸಹಜ ಪ್ರಶ್ನೆ. ಜನ ಎಲ್ಲ ನನ್ನ ಕಡೆ ತಿರುಗಿದರು. ಮೇಷ್ಟ್ರ ಕೈ ಕಟ್ಟೆಯ ಮೇಲಿದ್ದ ನೋಟ್‌ಬುಕ್ಕಿನ ಕಡೆ ಹೋಯಿತು.

ಮಾವನವರು ಆ ನೋಟ್‌ಬುಕ್ಕನ್ನು ಎತ್ತಿ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತುಬಿಟ್ಟರು.

"ಇಲ್ಲ ಸಾರ್. ಅವಳು ಮೊದ್ಲಿಂದ್ಲೂ ಒಂದೇ ಜಾತಿ ಅಂತ್ಲೇ ಹೇಳ್ತಿದ್ಲು. ನಾನೇ ಕೇಳ್ಲಿಲ್ಲ. ಕಾಗ್ದದಲ್ಲಿ ಸುಮ್ನೆ ಅವಳ ಹೆಸ್ರು ಹಾಕ್ದೆ, ನೀವು ಬರ್ಲಿ ಅಂತ" ಎಂದರು.

ಓಣಿಯವರು ಮತ್ತಷ್ಟು ನಕ್ಕರು. ಓದಿದ ಹುಡುಗಿಯ ಮಾತು ಕೇಳಬಾರದಿತ್ತೇ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಮಾವನವರು ತಲೆ ತಗ್ಗಿಸಿ, ಹೌದು ತಪ್ಪಾಯಿತು ಎಂದರು. ಹತ್ತು ಜನರ ಮುಂದೆ ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮೇಷ್ಟ್ರು ಊಟ ಮಾಡಿ ಹೊರಟರು. ಮಗುವನ್ನು ಮಲಗಿಸಿ ನಾನು ಹಿತ್ತಲಿಗೆ ಹೋದೆ. ಮಾವನವರು ಪಂಚೆ ಮೇಲೆ ಕಟ್ಟಿ, ಬೊಗಸೆಯಲ್ಲಿ ಒಂದೊಂದೇ ಮೀನನ್ನು ಎತ್ತಿ ಆ ತೊಟ್ಟಿಯಿಂದ ಈ ತೊಟ್ಟಿಗೆ ಬಿಡುತ್ತಿದ್ದರು. ನಾನು, "ಮಾವ, ಆವತ್ತು ನಾನು" ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. "ಆವತ್ತು ನೀನು ನಮ್ಮನೆಗೆ ಬಂದು ಇಪ್ಪತ್ತು ದಿನ ಆಗಿತ್ತು ಕಣಮ್ಮ. ಅಷ್ಟು ಜನದ ಮುಂದೆ ಗೊತ್ತಿಲ್ಲ ಅಂತ ಹೆಂಗೆ ಹೇಳ್ತೀಯ? ಹೊಸ್ದಾಗಿ ಬಂದ ಮಗೂನ ಹಂಗೆ ನಿಲ್ಸಿ ಕೇಳ್ಬಾರ್ದಿತ್ತು ನಾನು."

ನಾನು ಸೆರಗು ಸಿಕ್ಕಿಸಿಕೊಂಡು ಅವರ ಎದುರಿಗೆ ಕುಳಿತು ನೀರಿಗೆ ಕೈ ಹಾಕಿದೆ. ಕಣ್ಣು ಮಂಜಾಗಿ ಒಂದು ಮೀನೂ ಸಿಗಲಿಲ್ಲ. ಮಾವನವರು ನನ್ನ ಮುಖ ನೋಡದೆ, ಸ್ವಲ್ಪ ಸರಿದು, ಮೀನು ಹೆಚ್ಚಿದ್ದ ಮೂಲೆಯನ್ನು ನನಗೆ ಬಿಟ್ಟುಕೊಟ್ಟರು.