ರುಚಿಯಮ್ಮನ ನಾಲಿಗೆ ರಜಾ ಹಾಕಿದ್ದು

ಕೈಕಾಲು ಕೈಕೊಟ್ಟರೆ ಊರುಗೋಲು ಇದೆ, ಕಣ್ಣು ಕೈಕೊಟ್ಟರೆ ಕನ್ನಡಕ ಇದೆ. ನಾಲಿಗೆ ಕೈಕೊಟ್ಟರೆ ಯಾವ ಅಂಗಡಿಗೆ ಹೋಗಬೇಕು, ಹೇಳಿ? ಮೂರು ದಿನದಿಂದ ರುಚಿಯಮ್ಮನಿಗೆ ಇದೇ ಯೋಚನೆ. ನೆಗಡಿ ಬಂದಿತ್ತು, ಹೋಯಿತು. ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಪ್ಪಿಲ್ಲ, ಖಾರವಿಲ್ಲ, ಸಿಹಿಯಿಲ್ಲ. ಕಾಫಿ ಕುಡಿದರೂ ಒಂದೇ, ಕಾಫಿ ಲೋಟ ತೊಳೆದ ನೀರು ಕುಡಿದರೂ ಒಂದೇ.

ಬೇರೆ ಯಾರಿಗಾದರೂ ಹೀಗಾಗಿದ್ದರೆ "ಅಯ್ಯೋ, ಬಾಯಿ ಕೆಟ್ಟಿದೆ ಕಣ್ರೀ" ಅಂತ ಹೇಳಿ ಹಗುರಾಗುತ್ತಿದ್ದರು. ರುಚಿಯಮ್ಮ ಹೇಳುವ ಹಾಗಿರಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಒಂದು ಪದ್ಧತಿ. ಅಡುಗೆ ಯಾರೇ ಮಾಡಲಿ, ಪಾತ್ರೆ ಒಲೆಯಿಂದ ಇಳಿಯುವ ಮೊದಲು ಸೌಟಿನಿಂದ ಒಂದು ತೊಟ್ಟು ರುಚಿಯಮ್ಮನ ಅಂಗೈಗೆ ಬೀಳಬೇಕು. ಅವಳು ಅದನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ದೊಡ್ಡ ನ್ಯಾಯಾಧೀಶರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆಮೇಲೆ ಒಂದೋ "ಒಂದು ಚಿಟಿಕೆ ಉಪ್ಪು ಬೀಳಲಿ" ಅನ್ನಬೇಕು, ಇಲ್ಲ "ಹೂಂ, ಇಳಿಸು" ಅನ್ನಬೇಕು. ಆ "ಹೂಂ, ಇಳಿಸು" ಬರದೆ ಆ ಮನೆಯಲ್ಲಿ ಒಲೆ ಆರಿದ್ದಿಲ್ಲ. ಅಕ್ಕಪಕ್ಕದವರು ರುಚಿಯಮ್ಮ ಅಂತ ಹೆಸರಿಟ್ಟದ್ದೂ ಅದಕ್ಕೇ.

ಈಗ ಮಂಡಿ ನೋವು. ನಿಂತು ಅಡುಗೆ ಮಾಡುವುದು ಸೊಸೆಗೆ ಹೋಗಿದೆ. ಸೊಸೆ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು, ಕೈತೊಳೆದು, ಸೀದಾ ಒಲೆ ಮುಂದೆ ನಿಲ್ಲುತ್ತಾಳೆ. ರುಚಿಯಮ್ಮನಿಗೆ ಉಳಿದಿರುವ ರಾಜ್ಯ ಅಂದರೆ ಆ ಅಂಗೈಯಗಲದ ಜಾಗ ಒಂದೇ. ಅದೂ ಹೋದರೆ?

ಹೋದರೆ ಏನಾಗುತ್ತದೆ ಅನ್ನುವುದನ್ನು ಹೋದ ಸಲ ಬಂದಾಗ ಬೀಗಿತ್ತಿ ಬಾಯಿಬಿಟ್ಟೇ ಹೇಳಿದ್ದಳು. ಬೀಗಿತ್ತಿ ಅಂದರೆ ಸೊಸೆಯ ತಾಯಿ, ಒಂದು ಕಾರ್ಖಾನೆಯ ಕ್ಯಾಂಟೀನನ್ನು ನಡೆಸಿ ನಿವೃತ್ತಿಯಾದವಳು. ಎಲ್ಲರೂ ಅವಳನ್ನು ಕ್ಯಾಂಟೀನಮ್ಮ ಅಂತಲೇ ಕರೆಯುವುದು. "ಬೀಗಿತ್ತಿ, ಇನ್ನೂ ಯಾಕೆ ಈ ಅಡುಗೆಮನೆ ಸಹವಾಸ? ಎಲ್ಲಾ ನನ್ನ ಮಗಳಿಗೆ ಬಿಟ್ಟು ಟೀವಿ ಮುಂದೆ ಆರಾಮಾಗಿ ಕೂತ್ಕೊಬಾರದಾ?" ಅಂದಿದ್ದಳು. ಆವತ್ತಿನಿಂದ ರುಚಿಯಮ್ಮನಿಗೆ ಟೀವಿ ಮುಂದಿನ ಕುರ್ಚಿ ಕಂಡರೆ ಜೈಲು ಕಂಡ ಹಾಗೆ.

ಆದ್ದರಿಂದ ನಾಲಿಗೆ ರಜಾ ಹಾಕಿದ ವಿಷಯ ಪರಮ ಗುಟ್ಟು.

ಮೊದಲ ರಾತ್ರಿ ರುಚಿಯಮ್ಮ ಅಂದಾಜಿನಲ್ಲಿ ತೀರ್ಪು ಕೊಟ್ಟಳು. ಅಂಗೈಗೆ ಬಿದ್ದದ್ದನ್ನು ನಾಲಿಗೆಗೆ ಮುಟ್ಟಿಸಿದಳು, ಏನೂ ಗೊತ್ತಾಗಲಿಲ್ಲ, ಗೊತ್ತಾಗದಿದ್ದರೆ ಉಪ್ಪು ಕಡಿಮೆ ಅಂತಲೇ ಅರ್ಥ ಅಂದುಕೊಂಡು ಡಬ್ಬಿಗೆ ಕೈಹಾಕಿ ತಾನೇ ಉದುರಿಸಿದಳು. ಮತ್ತೆ ನೋಡಿದಳು, ಮತ್ತೂ ಉದುರಿಸಿದಳು. ಊಟದ ಹೊತ್ತಿಗೆ ನೀರಿನ ಜಗ್ಗು ಎರಡು ಸಲ ಖಾಲಿಯಾಯಿತು. ಲಿಫ್ಟ್ ರಿಪೇರಿ ಮಾಡುವ ಮಗ, "ಇವತ್ತು ಸೆಕೆ ಜಾಸ್ತಿ ಅಲ್ವೇನಮ್ಮಾ?" ಅಂತ ಮಾತ್ರ ಅಂದ. ಒಳ್ಳೆಯ ಹುಡುಗ. ಸೊಸೆ ಅತ್ತೆಯ ಮುಖವನ್ನು ಒಮ್ಮೆ ನೋಡಿ ನಾಲ್ಕನೇ ಲೋಟ ನೀರು ಬಗ್ಗಿಸಿಕೊಂಡಳು.

ಎರಡನೇ ದಿನ ರುಚಿಯಮ್ಮನಿಗೆ ಒಂದು ಅಮೋಘ ಉಪಾಯ ಹೊಳೆಯಿತು. ತನ್ನ ನಾಲಿಗೆ ಹೋದರೇನು, ಕಟ್ಟಿಕೊಂಡ ಗಂಡನ ನಾಲಿಗೆ ಇಲ್ಲವೇ? ಯಜಮಾನರು ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವರು, ಈಗ ಕಿಟಕಿ ಹತ್ತಿರ ಕೂತು ಬೀದಿ ನೋಡುವವರು. ಅವರ ಬಾಯಲ್ಲಿ ಮಾತು ಕಡಿಮೆ, ಮುಖದಲ್ಲಿ ಜಾಸ್ತಿ. ಉಪ್ಪು ಹೆಚ್ಚಾದರೆ ಹುಬ್ಬು ನೆತ್ತಿಗೇರುತ್ತದೆ. ಕಡಿಮೆಯಾದರೆ ತುಟಿಯ ಒಂದು ಕೊನೆ ಕೆಳಗೆ ಜೋಲುತ್ತದೆ. ಸರಿಯಿದ್ದರೆ ಮುಖದಲ್ಲಿ ಏನೂ ಇಲ್ಲ, ಕೈ ಮಾತ್ರ ಮುಂದೆ ಬರುತ್ತದೆ, ಇನ್ನಷ್ಟು ಬೇಕು ಅಂತ. ಇಷ್ಟು ವರ್ಷ ಎದುರಿಗೆ ಕೂತು ಬಡಿಸಿದವಳಿಗೆ ಇದೆಲ್ಲ ಗೊತ್ತಿರದೆ ಇರುತ್ತದೆಯೇ?

ಸೊಸೆ ಆಚೆ ಹೋದ ಸಮಯ ನೋಡಿ ಬಟ್ಟಲಲ್ಲಿ ಒಂದು ಚಮಚ ತೆಗೆದುಕೊಂಡು ಹೋಗಿ, "ರೀ, ಬಿಸಿ ಸರಿಯಾಗಿದೆಯಾ ನೋಡಿ" ಅಂದಳು. ಯಜಮಾನರ ಕೈ ಮುಂದೆ ಬಂತು. ರುಚಿಯಮ್ಮ ಅಡುಗೆಮನೆಗೆ ಮರಳಿ, ಅಂಗೈ ಒಡ್ಡಿ, ಕಣ್ಣು ಮುಚ್ಚಿ, ಎಂದಿಗಿಂತ ಗಂಭೀರವಾಗಿ "ಹೂಂ, ಇಳಿಸು" ಅಂದಳು. ಊಟ ಸೊಗಸಾಗಿತ್ತು ಅಂತ ಎಲ್ಲರೂ ಅಂದರು. ಅವಳು ಆ ರಾತ್ರಿ ಗೊರಕೆ ಹೊಡೆದು ಮಲಗಿದಳು.

ಮೂರನೇ ದಿನ ಬೆಳಿಗ್ಗೆ ಫೋನು. ಸೊಸೆ ಮಾತಾಡಿ ಬಂದು ಹೇಳಿದಳು, "ಅತ್ತೇ, ಅಮ್ಮ ಇವತ್ತು ರಾತ್ರಿ ಊಟಕ್ಕೆ ಬರ್ತಾಳಂತೆ. ನಾನು ಇವತ್ತು ಬೇಗ ಬಂದು ಕುಂಬಳಕಾಯಿ ಸೂಪು, ಬ್ರೆಡ್ಡು, ಮೊಟ್ಟೆ ಮಾಡ್ತೀನಿ. ಸಾಕಲ್ವಾ?"

"ಸಾಕು ಸಾಕು," ಅಂದಳು ರುಚಿಯಮ್ಮ. ಎದೆ ಮಾತ್ರ ಸಾಕು ಅನ್ನಲಿಲ್ಲ. ಕ್ಯಾಂಟೀನಮ್ಮ ಅಂದರೆ ಹಂಡೆಗೆ ಒಂದು ಹರಳು ಉಪ್ಪು ಹೆಚ್ಚು ಬಿದ್ದರೂ ಬಾಗಿಲಲ್ಲೇ ಕಂಡುಹಿಡಿಯುವ ಹೆಂಗಸು. ಅವಳ ಮುಂದೆ ಸೂಪು ಕೆಟ್ಟರೆ ಟೀವಿ ಕುರ್ಚಿಗೆ ಪಟ್ಟಾಭಿಷೇಕ ಅವತ್ತೇ.

ಸಂಜೆ ಸೂಪು ಕುದಿಯುತ್ತಿತ್ತು. ಸೊಸೆ ಸೀರೆ ಬದಲಾಯಿಸಲು ಕೋಣೆಗೆ ಹೋದಳು. ಮಗ ತನ್ನ ಅತ್ತೆಯನ್ನು ಕರೆತರಲು ಬಸ್ ಸ್ಟಾಪಿಗೆ ಹೋದ. ರುಚಿಯಮ್ಮ ಬಟ್ಟಲು ಹಿಡಿದು ಕಿಟಕಿಯ ಹತ್ತಿರ ಓಡಿದಳು. (ಮಂಡಿನೋವು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ.) ಯಜಮಾನರು ಕತ್ತಿನಿಂದ ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಕೂದಲು ಕತ್ತರಿಸಿಕೊಂಡು ಬರುತ್ತೇನೆ ಅಂತ ಹೊರಟವರು ಕೂದಲು ಹಾಗೇ ಇಟ್ಟುಕೊಂಡು ಆಗ ತಾನೇ ಬಂದಿದ್ದರು. ಅದನ್ನು ವಿಚಾರಿಸುವ ಪುರುಸೊತ್ತು ಯಾರಿಗಿದೆ?

"ರೀ, ಬಿಸಿ ನೋಡಿ."

ಯಜಮಾನರು ತಲೆ ಅಲ್ಲಾಡಿಸಿ ಬೇಡ ಅಂದರು.

"ಒಂದೇ ಚಮಚ ಕಣ್ರೀ, ಪ್ರಾಣ ಹೋಗಲ್ಲ."

ಮಫ್ಲರ್ ಇಷ್ಟೇ ಇಷ್ಟು ಕೆಳಗೆ ಸರಿಯಿತು. ಚಮಚ ಒಳಗೆ ಹೋಯಿತು. ರುಚಿಯಮ್ಮ ಮುಖ ಓದಿದಳು. ತುಟಿಯ ಎಡಗಡೆ ಕೊನೆ ಜೋತುಬಿದ್ದಿತ್ತು.

ಉಪ್ಪು ಕಡಿಮೆ!

ಅವಳು ಹಿಂದಕ್ಕೆ ಓಡಿ, ಒಲೆ ಪಕ್ಕದ ಡಬ್ಬಿಯಿಂದ ಧಾರಾಳವಾಗಿ ಒಂದು ಚಮಚ ಸುರಿದು, ಕದಡಿ, ಮತ್ತೆ ತಂದಳು. ತುಟಿ ಹಾಗೇ ಜೋತಿತ್ತು. ಮೇಲಾಗಿ ಸೂಪಿನ ಒಂದು ತೊಟ್ಟು ಗಲ್ಲದ ಮೇಲೆ ಇಳಿಯಿತು.

"ಇನ್ನೂ ಕಡಿಮೇನಾ?" ಅಂದಳು ರುಚಿಯಮ್ಮ, ಬಿಸಿಯ ವಿಷಯ ಮರೆತು.

"ಹೂಂ ಹೂಂ," ಅಂದರು ಯಜಮಾನರು. ಅದು ಹೌದೋ ಅಲ್ಲವೋ ದೇವರಿಗೇ ಗೊತ್ತು.

ಇನ್ನೂ ಎರಡು ಚಮಚ ಬಿತ್ತು. ಮೂರನೇ ಸಲ ತಂದಾಗಲೂ ಅದೇ ಜೋಲುಮೂತಿ. ರುಚಿಯಮ್ಮನಿಗೆ ರೇಗಿತು. "ಏನ್ರೀ ಇದು, ಬೀಗರು ಬರೋ ಹೊತ್ತಲ್ಲಿ ನನ್ನ ಮೇಲೆ ಯಾವ ಸೇಡು ತೀರಿಸ್ಕೊಳ್ತಿದ್ದೀರಿ? ಆ ಮಫ್ಲರ್ ತೆಗೀರಿ ಮೊದಲು!" ಅಂತ ಎಳೆದಳು. ಮಫ್ಲರ್ ಕೈಗೆ ಬಂತು. ಜೊತೆಗೆ ಯಜಮಾನರ ಬಾಯಿಂದ ಹತ್ತಿಯ ಒಂದು ಉಂಡೆಯೂ ಈಚೆಗೆ ಇಣುಕಿತು.

"ಅಲ್ಲು," ಅಂದರು ಯಜಮಾನರು, ತಲೆ ತಗ್ಗಿಸಿ. "ಅಲ್ಲು ಕೀಳಿಷಿದೆ. ಷೂಜಿ ಕೊಟ್ಟವ್ನೆ. ಬಾಯಿ ಜೋಮು. ಬಿಷಿ ಗೊತ್ತಾಗಲ್ಲ, ಏನೂ ಗೊತ್ತಾಗಲ್ಲ."

"ಮತ್ತೆ ಹೇಳಬಾರದಿತ್ತಾ?"

"ಈ ವಯಷ್ಷಲ್ಲೂ ಎಲ್ಲಾ ಅಲ್ಲು ಗಟ್ಟಿ ಅಂತ ಬೀಗಿತ್ತಿ ಮುಂದೆ ಜಂಭ ಕೊಚ್ಚಿದ್ದೆನಲ್ಲೇ!"

ಮುಚ್ಚಿಡುವುದರಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ. ಆದರೆ ಅದನ್ನು ಮೆಚ್ಚುವ ಸ್ಥಿತಿಯಲ್ಲಿ ರುಚಿಯಮ್ಮ ಇರಲಿಲ್ಲ. ಅವಳ ಕಣ್ಣ ಮುಂದೆ ಮೂರು ಚಮಚ ಉಪ್ಪು ಮೂರು ಬೆಟ್ಟದ ಹಾಗೆ ನಿಂತಿತ್ತು. ನೀರು ಹುಯ್ಯೋಣ ಅಂತ ಅಡುಗೆಮನೆಗೆ ಬಂದರೆ ಸೊಸೆ ಆಗಲೇ ಒಲೆ ಮುಂದೆ ಇದ್ದಾಳೆ, ಸೌಟು ಕೈಯಲ್ಲಿ. ಬಾಗಿಲ ಹತ್ತಿರ ಕ್ಯಾಂಟೀನಮ್ಮನ ದನಿ ಕೇಳುತ್ತಿದೆ.

"ಅತ್ತೇ, ಅಂಗೈ."

ರುಚಿಯಮ್ಮ ಅಂಗೈ ಒಡ್ಡಿದಳು. ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು. ಬೇರೆ ಏನು ತಾನೇ ಹೇಳುವುದು?

"ಹೂಂ, ಇಳಿಸು," ಅಂದಳು. ಗಲ್ಲಿಗೆ ಹೋಗುವವರೂ ಇನ್ನೂ ಗಟ್ಟಿಯಾಗಿ ಮಾತಾಡುತ್ತಾರೆ.

ಊಟದ ಮೇಜಿನ ಮುಂದೆ ರುಚಿಯಮ್ಮ ಕೊನೆಯ ಯುದ್ಧ ಹೂಡಿದಳು. "ಬೀಗಿತ್ತಿ, ನಿಮಗೆ ಬೀಪಿ ಅಲ್ವಾ, ಸೂಪು ಬೇಡ ಬಿಡಿ. ಬ್ರೆಡ್ಡು ಮೊಟ್ಟೆ ತಿನ್ನಿ."

"ಬೀಪಿ ನನಗಲ್ಲ ಕಣ್ರೀ, ನಮ್ಮ ಯಜಮಾನ್ರಿಗೆ."

"ಬಸ್ಸಲ್ಲಿ ಬಂದಿದ್ದೀರಿ, ಹೊಟ್ಟೆ ತೊಳೆಸಿರುತ್ತೆ."

"ಹೊಟ್ಟೆ ಹಸಿದು ಹುಯ್ಯೋ ಅಂತಿದೆ!"

"ಬಿಸಿ ಸುಡ್ತಿದೆ, ನಾಲಿಗೆಗೆ ಬೊಬ್ಬೆ ಬರುತ್ತೆ..."

"ಏನಮ್ಮಾ ಇದು," ಅಂದ ಮಗ ನಗುತ್ತಾ, "ಕರೆದು ಕೂರಿಸಿ ಅತ್ತೆಗೆ ಸೂಪು ಕೊಡೋಕೆ ನಿಂಗೇನು ಕಷ್ಟ?"

ಕ್ಯಾಂಟೀನಮ್ಮ ಚಮಚ ಅದ್ದಿದಳು, ಬಾಯಿಗಿಟ್ಟಳು. ಇನ್ನೊಂದು ಚಮಚ. ಆಮೇಲೆ ಬಟ್ಟಲನ್ನೇ ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿ, "ಇದನ್ನ ಯಾರು ಮಾಡಿದ್ದು?" ಅಂದಳು.

ರುಚಿಯಮ್ಮನ ಧೈರ್ಯ ಅಲ್ಲಿಗೆ ಮುಗಿಯಿತು. ಒಳ್ಳೆಯವಳೇ ಅವಳು, ಆದರೆ ಮುಳುಗುವ ಹೊತ್ತಿನಲ್ಲಿ ಯಾರ ಕಾಲು ಸಿಕ್ಕಿದರೂ ಹಿಡಿಯುತ್ತೇವಲ್ಲ, ಹಾಗೆ. "ಪೂರ್ತಿ ನಿಮ್ಮ ಮಗಳೇ ಕಣ್ರೀ! ನಾನು ಮುಟ್ಟೇ ಇಲ್ಲ. ಆ ಕಡೆ ತಿರುಗೂ ನೋಡಿಲ್ಲ!"

"ಭಲೇ!" ಕ್ಯಾಂಟೀನಮ್ಮ ಮೇಜು ಗುದ್ದಿದಳು. "ಎಷ್ಟು ಹದವಾಗಿದೆ! ಉಪ್ಪು ಅಂದ್ರೆ ಉಪ್ಪು, ತೂಗಿ ಹಾಕಿದ ಹಾಗೆ. ಇಷ್ಟು ಮಂದವಾಗಿ, ಇಷ್ಟು ನುಣ್ಣಗೆ ನನ್ನ ಕ್ಯಾಂಟೀನಲ್ಲೇ ಒಂದು ದಿನ ಬರಲಿಲ್ಲ. ಮಗಳೇ, ನನ್ನನ್ನೇ ಮೀರಿಸಿಬಿಟ್ಟೆ! ಕೇಳಿದ್ರಾ ಬೀಗಿತ್ತಿ? ಇನ್ನು ನೀವು ನಿಶ್ಚಿಂತೆಯಾಗಿ ಟೀವಿ ಮುಂದೆ ಕೂರಬಹುದು!"

ರುಚಿಯಮ್ಮ ಬ್ರೆಡ್ಡು ತರುವ ನೆಪದಲ್ಲಿ ಎದ್ದು ಒಳಗೆ ಹೋದಳು. ಸೊಸೆ ಹಿಂದೆಯೇ ಬಂದಳು.

"ಹೇಗೇ ಇದು?" ಅಂದಳು ರುಚಿಯಮ್ಮ ಪಿಸುದನಿಯಲ್ಲಿ. "ಮೂರು ಚಮಚ ಹಾಕಿದ್ದೀನಿ. ಈ ಕೈಯಾರೆ. ಈ ಡಬ್ಬಿಯಿಂದ!"

"ಅದರಲ್ಲಿರೋದು ಸಣ್ಣ ರವೆ ಅತ್ತೆ."

"ಏನು?"

"ಮೊನ್ನೆ ನಾವೆಲ್ಲ ಕೊಡಗಟ್ಟಲೆ ನೀರು ಕುಡಿದ್ವಲ್ಲ, ಮಾರನೇ ದಿನವೇ ಬದಲಾಯಿಸಿದೆ. ಉಪ್ಪು ಮೇಲಿನ ಕಪಾಟಲ್ಲಿದೆ. ನಾನೇ ಅಲ್ಲಿಂದ ಹಾಕ್ತಿದ್ದೀನಿ. ಕಾಫಿಗೆ ಸಕ್ಕರೆ ಮರೆತಿದ್ದೆ, ನೀವು ಸುಮ್ಮನೆ ಕುಡಿದ್ರಿ. ಆಗಲೇ ಗೊತ್ತಾಯ್ತು."

ರುಚಿಯಮ್ಮ ಸ್ಟೂಲಿನ ಮೇಲೆ ಕೂತಳು. ಎದೆಯ ಮೇಲಿಂದ ಗ್ರೈಂಡರ್ ಕಲ್ಲು ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. "ಗೊತ್ತಾದ ಮೇಲೆ ಹೇಳಬಾರದಿತ್ತೇನೇ?"

"ನೀವು ಹೇಳ್ತೀರೇನೋ ಅಂತ ನಾನು ಕಾದೆ."

"ನಿಮ್ಮಮ್ಮ ನನ್ನನ್ನ ಟೀವಿ ಮುಂದೆ ಕೂರಿಸ್ತಾಳೆ ಅಂತ ಭಯ ಕಣೇ."

"ಅಯ್ಯೋ ಅತ್ತೇ!" ಸೊಸೆಗೆ ನಗು ತಡೆಯಲಾಗಲಿಲ್ಲ. "ನೀವು ಇಳಿಸು ಅಂದ ಮೇಲೆ ಅಡುಗೆ ಕೆಟ್ರೆ ಬೈಸಿಕೊಳ್ಳೋರು ನೀವು. ನಿಮ್ಮನ್ನ ಟೀವಿ ಮುಂದೆ ಕೂರಿಸಿದ್ರೆ ಅದೆಲ್ಲ ನನ್ನ ತಲೆಗೇ ತಾನೆ? ನಾನೇನು ದಡ್ಡಿನಾ? ನಾಲಿಗೆ ಬರಲಿ ಬಿಡಲಿ, ನಾಳೆಯಿಂದ ನಾನು ರುಚಿ ನೋಡಿ ಕಣ್ಣು ಹೊಡೀತೀನಿ, ನೀವು ಇಳಿಸು ಅನ್ನಿ."

ಇದಕ್ಕಿಂತ ನ್ಯಾಯವಾದ ಒಪ್ಪಂದ ಯಾವ ದೇಶಗಳ ಮಧ್ಯೆಯೂ ಆಗಿರಲಾರದು. ರುಚಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬ್ರೆಡ್ಡು ಹಿಡಿದು, ಹೊಸ ಹುರುಪಿನಲ್ಲಿ ಹೊರಗೆ ಬಂದಳು. ಧೈರ್ಯವೂ ಮರಳಿತ್ತು, ಅದರ ಜೊತೆಗೆ ಸ್ವಲ್ಪ ಆಸೆಯೂ.

"ಬೀಗಿತ್ತಿ, ಆಗ ಹೇಳೋಕೆ ಸಂಕೋಚ ಆಯ್ತು. ಆ ಸೂಪನ್ನ ಮಂದ ಮಾಡಿದ್ದು ನಾನೇ ಕಣ್ರೀ."

ಕ್ಯಾಂಟೀನಮ್ಮ ಚಮಚ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಆಹಾ! ಈಗ ತಾನೇ ತಿರುಗೂ ನೋಡಿಲ್ಲ ಅಂದ್ರಿ. ಹೊಗಳಿದ ತಕ್ಷಣ ನೀವೇ ಮಾಡಿದ್ದಾ? ಪಾಪ, ಮಕ್ಕಳು ಮಾಡಿದ್ದನ್ನ ಮಕ್ಕಳಿಗೇ ಬಿಡಿ ಬೀಗಿತ್ತಿ."

"ಇಲ್ಲಮ್ಮಾ, ನಿಜವಾಗ್ಲೂ ಅತ್ತೆನೇ..." ಅಂದಳು ಸೊಸೆ.

"ಸುಮ್ನಿರೇ, ನಿನ್ನದು ದೊಡ್ಡ ಮನಸ್ಸು, ನಂಗೊತ್ತು," ಅಂದಳು ತಾಯಿ. ಮಗ ಬ್ರೆಡ್ಡಿನ ಹಿಂದೆ ಮುಖ ಮರೆಸಿಕೊಂಡು ನಕ್ಕ.

ರುಚಿಯಮ್ಮ ಗಂಡನ ಪಕ್ಕ ಕೂತು ತನ್ನ ಬಟ್ಟಲಿಗೆ ಬಡಿಸಿಕೊಂಡಳು. ಮೇಜಿನ ಸುತ್ತ ಎಲ್ಲರೂ ಚಪ್ಪರಿಸುತ್ತಿದ್ದರು. ಅವಳು ಒಂದು ಚಮಚ ಕುಡಿದಳು, ಎರಡು ಕುಡಿದಳು, ಕಣ್ಣು ಮುಚ್ಚಿ ಹುಡುಕಿದಳು. ಆಮೇಲೆ ಯಜಮಾನರ ಕಡೆ ಬಾಗಿ ಕಿವಿಯಲ್ಲಿ ಕೇಳಿದಳು.

"ರೀ, ನಿಜವಾಗ್ಲೂ ಅಷ್ಟು ಚೆನ್ನಾಗಿದೆಯಾ?"

"ನಂಗೇನೇ ಗೊತ್ತು," ಅಂದರು ಯಜಮಾನರು, ಗಲ್ಲ ಒರೆಸಿಕೊಳ್ಳುತ್ತಾ. "ನೀನೇ ಏಳು."

"ನಂಗೇನ್ರೀ ಗೊತ್ತು!"

ಅಷ್ಟರಲ್ಲಿ ಸೊಸೆ ಸೌಟು ಹಿಡಿದು ಬಂದು, "ಇನ್ನೂ ಯಾರಿಗೆ?" ಅಂದಳು. ಎಲ್ಲರಿಗಿಂತ ಮೊದಲು ಗಂಡ ಹೆಂಡತಿ ಇಬ್ಬರೂ ಬಟ್ಟಲು ಮುಂದೆ ಹಿಡಿದರು.